ಅಗ್ನೆಲ್ ಮಾಡಿದ ಕೋಳಿ

ನನಗೆ ಹದಿಮೂರು ತುಂಬಿದ ವರ್ಷ ನಾನು ಹೇಳಿದ ಸುಳ್ಳುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಊಟದ ಬಗ್ಗೆ ಇದ್ದವು. ಶಾಲೆಗೆ ಕಟ್ಟಿಕೊಟ್ಟ ಡಬ್ಬಿಯಲ್ಲಿ ಜೋಳದ ರೊಟ್ಟಿ, ಪುಂಡಿಪಲ್ಯ ಇದ್ದರೆ ‘ನನಗಿವತ್ತು ಹಸಿವಿಲ್ಲ’ ಎನ್ನುತ್ತಿದ್ದೆ. ಹಸಿವು ತಡೆಯದ ದಿನ ಡೆಸ್ಕಿನ ಕೆಳಗೆ ಬಗ್ಗಿ, ಬಿದ್ದ ಪೆನ್ಸಿಲ್ ಹುಡುಕುವವಳ ಹಾಗೆ ಕೂತು ತಿಂದು ಮುಗಿಸುತ್ತಿದ್ದೆ. ನನ್ನ ಪೆನ್ಸಿಲ್ಲು ದಿನಾ ಊಟದ ಹೊತ್ತಿಗೇ ಬೀಳುವುದನ್ನು ಟೀಚರ್ ಕೂಡ ಗಮನಿಸಿದ್ದರು. ಮನೆಯಲ್ಲಿ ನಾನು ಮಂಜವ್ವ, ಶಾಲೆಯಲ್ಲಿ ಮಂಜು. ಮನೆಯಲ್ಲಿ ಅವ್ವ ಅವ್ವನೇ. ಶಾಲೆಯ ಗೇಟು ದಾಟಿದ ಕೂಡಲೇ ಅವಳು ಮಮ್ಮಿ ಆಗುತ್ತಿದ್ದಳು. ಪಾಪ, ತನಗೆ ಇಂಥದೊಂದು ಬಡ್ತಿ ಸಿಕ್ಕಿದ್ದು ಅವಳಿಗೆ ಗೊತ್ತೇ ಇರಲಿಲ್ಲ.

ಗೋವೆಯ ಸಾಂಗೆ ಪೇಟೆ ದಾಟಿ, ಗಣಿ ಲಾರಿಗಳು ತಿರುಗುವ ರಸ್ತೆಯ ಕೆಳಗೆ ಸಾಲಾಗಿ ಕಟ್ಟಿದ ಆರು ಬಾಡಿಗೆ ಮನೆಗಳಲ್ಲಿ ನಮ್ಮದು ಕೊನೆಯದು. ಅಪ್ಪ ಲಾರಿ ಗ್ಯಾರೇಜಿನಲ್ಲಿ ವೆಲ್ಡರ್. ಗದಗಿನ ಕಡೆಯಿಂದ ಬಂದು ಹದಿನೈದು ವರ್ಷವಾಗಿದ್ದರೂ ‘ಊರಿಗೆ ಹೋಗೋದೈತಿ’ ಎಂದು ದಿನಕ್ಕೊಮ್ಮೆಯಾದರೂ ಹೇಳುತ್ತಿದ್ದ. ಮುಂದಿನ ಕೋಣೆಯಲ್ಲಿ ಒಂದು ಮಂಚ, ಒಂದು ಟೀವಿ, ಬಾಗಿಲು ಸರಿಯಾಗಿ ಮುಚ್ಚದ ಒಂದು ಕಪಾಟು. ನಡುವೆ ಪ್ಲೈವುಡ್ಡಿನ ಅಡ್ಡಗೋಡೆ, ಅದರಾಚೆ ಅಡುಗೆಮನೆ. ಅಲ್ಲೇ ದೇವರ ಮಾಡ ಇದ್ದುದರಿಂದ ಅಲ್ಲಿ ಕೋಳಿ-ಮೀನು ಬೇಯಿಸುವಂತಿರಲಿಲ್ಲ. ಅದಕ್ಕೆ ಹಿತ್ತಲಲ್ಲಿ ತಗಡಿನ ಕೆಳಗೆ ಬೇರೆ ಒಲೆ, ಬೇರೆ ಪಾತ್ರೆ, ಬೇರೆ ಸೌಟು. ಸೋಮವಾರ ಈಶ್ವರನದು, ಶನಿವಾರ ಹನುಮಪ್ಪನದು, ಗುರುವಾರ ಅಪ್ಪ ಯಾವುದೋ ಕಾಯಿಲೆಯಲ್ಲಿ ಹೊತ್ತ ಹರಕೆಯದು. ಉಳಿದ ದಿನಗಳಲ್ಲಿ ಭಾನುವಾರ ಮಾತ್ರ ಕೋಳಿಯದು. ಆ ದಿನ ದೇವರ ಮಾಡಕ್ಕೆ ಪರದೆ ಎಳೆಯುತ್ತಿದ್ದರು. ವಾಸನೆಗೆ ಪರದೆ ಅಡ್ಡ ಬರುವುದಿಲ್ಲ ಎಂದು ನಾನು ಒಮ್ಮೆ ಹೇಳಿ ಬೆನ್ನಿಗೆ ಒಂದು ಗುದ್ದು ತಿಂದಿದ್ದೆ.

ಅವ್ವ ಬೆಳಿಗ್ಗೆ ಐದೂವರೆಗೆ ರೊಟ್ಟಿ ಬಡಿಯಲು ಕೂರುತ್ತಿದ್ದಳು. ಟಪ ಟಪ ಟಪ ಟಪ. ಸಾಲಿನ ಆರೂ ಮನೆಗಳಲ್ಲಿ ನಮ್ಮ ಕಡೆಯವರೇ ಇದ್ದುದರಿಂದ ಯಾರಿಗೂ ಅದು ಸದ್ದು ಅನ್ನಿಸುತ್ತಿರಲಿಲ್ಲ. ಅವ್ವನಿಗೆ ಜ್ವರ ಬಂದು ಒಂದು ದಿನ ಬಡಿಯದಿದ್ದಾಗ ಮೂರನೇ ಮನೆಯವ ಏಳುವುದೇ ತಡವಾಗಿ ಕೆಲಸ ತಪ್ಪಿಸಿಕೊಂಡಿದ್ದ. ಅಪ್ಪ ರೊಟ್ಟಿಯಿಲ್ಲದ್ದನ್ನು ಊಟ ಎಂದು ಒಪ್ಪುತ್ತಿರಲಿಲ್ಲ. ಗೋವೆಯವರ ಪಾವನ್ನು ಕಂಡರೆ ಅವನಿಗೊಂದು ತಾತ್ಸಾರ.

“ಅದೇನ ಊಟೇನು? ಹತ್ತಿ ತಿಂದಂಗ. ಮಂದಿ ಹಾಸಿಗಿ ಹೊಲಿಯೂದು ಬಿಟ್ಟು ತಿನ್ನಾಕತ್ತಾರ.”

ಅವನು ಗ್ಯಾರೇಜಿಗೆ ಹೋದ ಮೇಲೆ ಅವ್ವ ಒಂದು ಪಾವನ್ನು ಚಹಾದಲ್ಲಿ ಅದ್ದಿ, ಕಣ್ಣು ಮುಚ್ಚಿಕೊಂಡು ತಿನ್ನುತ್ತಿದ್ದಳು. ಇದು ನಮ್ಮಿಬ್ಬರ ಗುಟ್ಟಾಗಿತ್ತು.

ಇಂಥ ಮನೆಯ ಹುಡುಗಿಗೆ ಲವೀನಾ ಗೆಳತಿಯಾದಳು. ಚರ್ಚಿನ ಹಿಂದಿನ ಮನೆಯವಳು. ಒಳ್ಳೆಯ ಹುಡುಗಿ, ಆದರೆ ಪ್ರಶ್ನೆ ಕೇಳುವುದು ಅವಳಿಗೆ ಚಟ. ನಾನು ಕೊಂಕಣಿಯನ್ನು ಅವಳಿಗಿಂತ ಚೆನ್ನಾಗಿ ಆಡುತ್ತಿದ್ದೆ. ಕದ್ದ ವಸ್ತುವನ್ನು ಜೋಪಾನವಾಗಿ ಇಟ್ಟುಕೊಳ್ಳುತ್ತಾರಲ್ಲ, ಹಾಗೆ. (ಆ ಕೊಂಕಣಿಯನ್ನು ಇಲ್ಲಿ ಕನ್ನಡದಲ್ಲೇ ಬರೆಯುತ್ತಿದ್ದೇನೆ.) ಒಂದು ದಿನ ಲವೀನಾ ಆಕಳಿಸುತ್ತಾ ಶಾಲೆಗೆ ಬಂದಳು.

“ನಮ್ಮ ಮನೆ ಹಿಂದೆ ಕಟ್ಟಡ ಕಟ್ಟುತ್ತಿದ್ದಾರೆ ನೋಡು, ಅಲ್ಲಿ ಘಾಟಿಗಳು ಬಂದು ಕೂತಿದ್ದಾರೆ. ಕೋಳಿ ಕೂಗುವ ಮೊದಲೇ ಎದ್ದು ಟಪ ಟಪ ಅಂತ ಅದೇನೋ ಬಡಿಯುತ್ತಾರೆ. ನಿದ್ದೆಯೇ ಇಲ್ಲ.”

ಘಟ್ಟದ ಆಚೆಯಿಂದ ಬಂದವರಿಗೆ ಅಲ್ಲಿ ಘಾಟಿ ಎನ್ನುತ್ತಾರೆ. ಹೇಳುವವರ ಮೂಗು ಎಷ್ಟು ಮೇಲಿದೆ ಎನ್ನುವುದರ ಮೇಲೆ ಅದು ಬೈಗುಳವೋ ಅಲ್ಲವೋ ತಿಳಿಯುತ್ತದೆ. ಲವೀನಾಳಿಗೆ ಏನೋ ಹೊಳೆದಿರಬೇಕು. ನನ್ನ ಕೈ ಹಿಡಿದು, “ನೀನಲ್ಲ ಮಂಜು, ನೀನು ನಮ್ಮವಳು,” ಎಂದಳು. ಅವತ್ತು ನನಗೆ ಎಷ್ಟು ಸಂತೋಷವಾಯಿತು ಎಂದರೆ, ಅದನ್ನು ನೆನೆದರೆ ಈಗಲೂ ಮುಖ ಬಿಸಿಯಾಗುತ್ತದೆ. ಅವತ್ತಿನಿಂದ ಆ ‘ನಮ್ಮವಳು’ ಎಂಬ ಮಾತು ಕೈತಪ್ಪದ ಹಾಗೆ ನೋಡಿಕೊಳ್ಳುವುದೇ ನನ್ನ ಕೆಲಸವಾಯಿತು.

ಒಂದು ಭಾನುವಾರ ಲವೀನಾಳ ಮನೆಯಲ್ಲಿ ಊಟಕ್ಕೆ ಕರೆದರು. ಮೇಜಿನ ನಡುವೆ ಇಡೀ ಕೋಳಿ, ಕಾಲು ಮಡಚಿಕೊಂಡು, ಮೈಯೆಲ್ಲ ಹೊಂಬಣ್ಣ, ಸುತ್ತ ಬಟಾಟೆ. ನಮ್ಮಲ್ಲಿ ಕೋಳಿ ಎಂದರೆ ಖಾರದ ಸಾರಿನಲ್ಲಿ ಮುಳುಗಿದ ತುಂಡುಗಳು. ಯಾವುದು ಯಾವ ಭಾಗ ಎಂದು ಬಾಯಿಗೆ ಹೋದ ಮೇಲೆಯೇ ಗೊತ್ತಾಗುವುದು. ಲವೀನಾಳ ತಾಯಿ ಎಲ್ಲಕ್ಕಿಂತ ಮೊದಲು ಮೇಲಿನ ಗರಿಗರಿ ತೊಗಲನ್ನು ಕಿತ್ತು ನನ್ನ ತಟ್ಟೆಗೆ ಹಾಕಿದರು. “ರೋಸ್ಟಿನಲ್ಲಿ ಇದೇ ಮುಖ್ಯ. ಇದಿಲ್ಲದಿದ್ದರೆ ರೋಸ್ಟೇ ಅಲ್ಲ,” ಎಂದರು. ನಾನು ತಿಂದೆ. ಆಹಾ! ತಿಂದ ಅಮಲಿನಲ್ಲಿ ಬಾಯಿ ತಪ್ಪಿ ಅಂದುಬಿಟ್ಟೆ:

“ನಮ್ಮ ಮಮ್ಮಿಯೂ ಹೀಗೇ ಮಾಡುತ್ತಾಳೆ.”

“ಹೌದಾ? ಯಾವಾಗ ಕರೀತೀ?” ಎಂದಳು ಲವೀನಾ. ಹೇಳಿದೆನಲ್ಲ, ಪ್ರಶ್ನೆ ಅವಳ ಚಟ. ಪಕ್ಕದಲ್ಲೇ ಇನ್ನೊಬ್ಬ ಗೆಳತಿ ಸ್ನೇಹಾ ಕೂತಿದ್ದಳು. ಅವಳೂ “ಯಾವಾಗ?” ಎಂದಳು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಮುಂದಿನ ಭಾನುವಾರ ಸಂಜೆ ಎಂದು ಒಪ್ಪಿಕೊಂಡು ಬಂದೆ.

ಮನೆಗೆ ಬಂದು ಅವ್ವನ ಮುಂದೆ ವಿಷಯ ಇಟ್ಟಾಗ ಅವಳಿಗೆ ಕೋಳಿಗಿಂತ ನನ್ನ ಷರತ್ತುಗಳು ಹೆಚ್ಚು ಸೋಜಿಗವಾದವು. ರೊಟ್ಟಿ ಮಾಡಬಾರದು, ರೊಟ್ಟಿಯ ಹೆಸರೂ ಎತ್ತಬಾರದು, ಬಡಿಯುವ ಕಲ್ಲನ್ನು ಮಂಚದ ಕೆಳಗೆ ಸರಿಸಬೇಕು, ಗೆಳತಿಯರ ಮುಂದೆ ಕನ್ನಡ ಆದಷ್ಟು ಕಡಿಮೆ.

“ಹಂಗಾರ ನಾ ಬಾಯಿ ಮುಚಗೊಂಡು ಕೂಡ್ರಬೇಕೇನ? ನಮ್ಮವ್ವ ಮೂಕಿ ಅಂತ ಹೇಳ್ತಿ ಏನ ಮತ್ತ?”

“ಹಂಗಲ್ಲ ಬೇ ಯವ್ವಾ. ಸ್ವಲ್ಪ ನಗು, ನೀರ ಕೊಡು, ಸಾಕು.”

“ನಗೂದು, ನೀರ ಕೊಡೂದು. ಆತು ಬಿಡವ್ವ. ಮದಿವಿ ಆದಾಗಿಂದ ಅದನ್ನ ಮಾಡಾಕತ್ತೇನಿ.”

ಅವ್ವ ಒಪ್ಪಿದಳು. ಅಷ್ಟೇ ಅಲ್ಲ, ಅವಳಿಗೂ ಒಳಗೊಳಗೇ ಹುಮ್ಮಸ್ಸು ಬಂದಿತ್ತು. ಲವೀನಾಳಿಂದ ನಾನು ಉಪಾಯವಾಗಿ ತಿಳಿದುಕೊಂಡು ಬಂದ ಮಸಾಲೆಯ ಪಟ್ಟಿ ಕೇಳಿ ಮಾತ್ರ ಅವಳ ಮುಖ ಸಣ್ಣದಾಯಿತು. ಲಿಂಬೆ, ಬೆಳ್ಳುಳ್ಳಿ, ಕಾಳುಮೆಣಸಿನ ಪುಡಿ, ಬೆಣ್ಣೆ. “ಇದ ಜಡ್ಡಿನವರ ಊಟ ಅಲ್ಲೇನ?” ಎಂದಳು. ಕೊನೆಗೆ ಕೋಳಿಯ ಹೊರಮೈ ನನ್ನ ಗೆಳತಿಯರದು, ಹೊಟ್ಟೆಯೊಳಗಿನದು ಅವಳದು ಎಂದು ರಾಜಿಯಾಯಿತು. ಒಳಗೆ ಏನು ತುಂಬುತ್ತಾಳೆ ಎಂದು ನಾನು ಕೇಳಬಾರದು. ನಮ್ಮ ಮನೆಯಲ್ಲಿ ಒವನ್ ಇರಲಿಲ್ಲ. ಆದರೆ ಓಣಿಯ ತುದಿಯಲ್ಲಿ ಪಾವ್ ಮಾಡುವ ಅಗ್ನೆಲ್ ಇದ್ದ. ಬಡಕಲು ಮೈಯ, ಎತ್ತರದ ಮನುಷ್ಯ. ಬೆಳಿಗ್ಗೆ ಸಂಜೆ ಸೈಕಲ್ಲಿನ ಹಾರ್ನ್ ಒತ್ತುತ್ತಾ ಮನೆಮನೆಗೆ ಪಾವ್ ಹಾಕುತ್ತಿದ್ದ. ಹಬ್ಬದ ದಿನಗಳಲ್ಲಿ ಊರವರು ತಮ್ಮ ಕೇಕು, ಮಾಂಸ ಎಲ್ಲ ತಂದು ಅವನ ಕಟ್ಟಿಗೆ ಭಟ್ಟಿಯಲ್ಲಿ ಬೇಯಿಸಿಕೊಂಡು ಹೋಗುತ್ತಿದ್ದರು. ಮಧ್ಯಾಹ್ನದ ಪಾವ್ ತೆಗೆದ ಮೇಲೆ ಭಟ್ಟಿ ಖಾಲಿ, ತನ್ನಿ ಎಂದ.

ಕೋಳಿ ತರುವ ಕೆಲಸ ಅಪ್ಪನದು. ನಾನು ಹತ್ತು ಸಲ ಹೇಳಿದ್ದೆ: ಇಡೀ ಕೋಳಿ ಬೇಕು, ತುಂಡು ಮಾಡಿಸಬಾರದು. ಭಾನುವಾರ ಹನ್ನೆರಡರ ಹೊತ್ತಿಗೆ ಅಪ್ಪ ಗೆದ್ದ ಪೈಲ್ವಾನನ ಹಾಗೆ ಬಂದು ಚೀಲ ಬಿಚ್ಚಿದ. ಕೋಳಿ ಇಡಿಯಾಗಿಯೇ ಇತ್ತು. ಆದರೆ ಬೆತ್ತಲೆಯಾಗಿತ್ತು.

“ತೊಗಲು ಎಲ್ಲೆ ಅಪ್ಪಾ?”

“ತಗಿಸೀನಿ! ಅಂವ ಹಂಗ ಕೊಡಾಕ ಬಂದಿದ್ದ. ನಾ ಬಿಡ್ತೀನೇನ? ಮುಂದ ನಿಂತು ತಗಿಸೀನಿ. ಒಂದ ಚೂರರ ಐತೇನ ನೋಡು.”

ನಮ್ಮ ಕಡೆ ಕೋಳಿಯನ್ನು ತೊಗಲಿನ ಸಮೇತ ತಿನ್ನುವುದೆಂದರೆ ಬಾಳೆಹಣ್ಣನ್ನು ಸಿಪ್ಪೆ ಸಮೇತ ತಿಂದ ಹಾಗೆ. ಅಪ್ಪ ಮಗಳ ಮರ್ಯಾದೆ ಉಳಿಸಲೆಂದೇ ಕಷ್ಟಪಟ್ಟು ನನ್ನ ಮರ್ಯಾದೆಯನ್ನು ಸುಲಿಸಿಕೊಂಡು ಬಂದಿದ್ದ. ನಾನು ಕೂತು ಅಳತೊಡಗಿದೆ. ಅಂಗಡಿಯಲ್ಲಿ ಕೋಳಿ ಮುಗಿದಿತ್ತು, ಇದೇ ಕೊನೆಯದು. ಅಪ್ಪನಿಗೆ ತಾನು ಮಾಡಿದ ತಪ್ಪೇನೆಂದು ಎಷ್ಟು ಹೇಳಿದರೂ ತಿಳಿಯಲಿಲ್ಲ.

“ತೊಗಲಿಗೆ ಯಾರರ ಅಳ್ತಾರೇನ್ಲೇ? ಚಪ್ಪಲಿ ಮಾಡ್ಸೂದಿತ್ತೇನ?”

“ಸುಮ್ಮನಿರ್ರಿ ನೀವು ಸ್ವಲ್ಪ,” ಎಂದಳು ಅವ್ವ. ಅವಳು ಕೋಳಿಯನ್ನು ತಿರುಗಿಸಿ ಮುರುಗಿಸಿ ನೋಡುತ್ತಿದ್ದಳು. ಭಟ್ಟಿಯ ಕಾವಿಗೆ ತೊಗಲಿಲ್ಲದ ಕೋಳಿ ಒಣಗಿ ಕಟ್ಟಿಗೆಯಾಗುತ್ತದೆ ಎಂದು ಅಡುಗೆ ಮಾಡುವವಳಿಗೆ ಯಾರೂ ಹೇಳಬೇಕಾಗಿರಲಿಲ್ಲ. ಕೊನೆಗೆ ಅವಳು ಮಂಚದ ಕೆಳಗೆ ಕೈ ಹಾಕಿ ರೊಟ್ಟಿ ಬಡಿಯುವ ಕಲ್ಲನ್ನು ಎಳೆದಳು.

“ಬ್ಯಾಡ ಬೇ!” ಎಂದೆ.

“ತೊಗಲ ಇಲ್ಲದಾಕಿಗೆ ತೊಗಲ ಹೊಲದು ಕೊಡ್ತೇನಿ. ರೊಟ್ಟಿ ಅಂತ ಯಾರ ಹೇಳ್ತಾರ? ಅವರು ಬರೂದರಾಗ ಮುಗಿಸ್ತೇನಿ, ನೀ ಮಾರಿ ತೊಳಕೋ ಹೋಗು.”

ಐದಕ್ಕೆ ಬರಬೇಕಾದವರು ನಾಲ್ಕಕ್ಕೇ ಬಂದುಬಿಟ್ಟರು. ಲವೀನಾಳ ಅಪ್ಪನಿಗೆ ಇದೇ ದಾರಿಯಲ್ಲಿ ಏನೋ ಕೆಲಸವಿತ್ತಂತೆ, ಇಬ್ಬರನ್ನೂ ಇಳಿಸಿ ಹೋದರು. ಕೋಳಿಗೆ ಮಸಾಲೆ ಹಿಡಿಯಲು ಬಿಟ್ಟಿದ್ದ ಅವ್ವ ಒಳಗೆ ಆಗಷ್ಟೇ ಕುದಿಯುವ ನೀರು ಹಾಕಿ ಹಿಟ್ಟು ನಾದಿದ್ದಳು. ಜೋಳದ ಹಿಟ್ಟು ಯಾರಿಗೂ ಕಾಯುವುದಿಲ್ಲ. ನಾದಿದ ಮೇಲೆ ಬಡಿಯಲೇಬೇಕು. ನಾನು ಗೆಳತಿಯರನ್ನು ಮಂಚದ ಮೇಲೆ ಕೂರಿಸಿ ಟೀವಿ ಹಾಕಿದೆ. ಅಡ್ಡಗೋಡೆಯ ಆಚೆಯಿಂದ ಶುರುವಾಯಿತು. ಟಪ ಟಪ ಟಪ ಟಪ. ನಾನು ಟೀವಿಯ ದನಿ ಏರಿಸಿದೆ. ದಿನದ ರೊಟ್ಟಿಗೆ ಸಣ್ಣ ಸದ್ದು ಸಾಕು. ಇದು ಇಡೀ ಕೋಳಿಗೆ ಹೊದೆಸುವ ರೊಟ್ಟಿ. ಇನ್ನೂ ಏರಿಸಿದೆ. ಟೀವಿಯಲ್ಲಿ ಯಾರೋ ಸೋಪು ಮಾರುತ್ತಿದ್ದವಳು ಕಿರುಚತೊಡಗಿದಳು.

“ಅದೇನು ಸದ್ದು?” ಎಂದಳು ಲವೀನಾ.

“ಪಕ್ಕದ ಮನೆ,” ಎಂದೆ.

ಲವೀನಾ ನನ್ನನ್ನು ಬಹಳ ಕನಿಕರದಿಂದ ನೋಡಿದಳು. “ಅಯ್ಯೋ ಪಾಪ. ನಿಮಗೂ ಪಕ್ಕದಲ್ಲಿ ಘಾಟಿಗಳಾ?”

“ಹೂಂ,” ಎಂದೆ.

ನಮ್ಮದು ಕೊನೆಯ ಮನೆ. ಸದ್ದು ಬರುತ್ತಿದ್ದ ಕಡೆ ಪಕ್ಕದಲ್ಲಿ ಮನೆಯೇ ಇರಲಿಲ್ಲ. ಒಳಗಿನ ಸದ್ದು ಒಂದು ಗಳಿಗೆ ನಿಂತಿತು. ಅವ್ವನಿಗೆ ಕೊಂಕಣಿ ಆಡಲು ಅಷ್ಟಾಗಿ ಬರುತ್ತಿರಲಿಲ್ಲ, ಆದರೆ ಕೇಳಿದರೆ ಎಲ್ಲ ತಿಳಿಯುತ್ತಿತ್ತು. ಆಮೇಲೆ ಸದ್ದು ಮತ್ತೆ ಶುರುವಾಯಿತು, ತೀರ ಮೆಲ್ಲಗೆ. ಅಷ್ಟು ಮೆಲ್ಲಗೆ ಬಡಿದರೆ ರೊಟ್ಟಿ ಅಗಲವಾಗುವುದಿಲ್ಲ ಎಂದು ನನಗೂ ಗೊತ್ತಿತ್ತು.

ಅವಳು ಮಾಡಿದ್ದನ್ನು ಆಮೇಲೆ ಅಪ್ಪ ಹೇಳಿದ. ಒದ್ದೆ ಬಟ್ಟೆಯ ಮೇಲೆ ದಪ್ಪನೆಯ ರೊಟ್ಟಿ ಬಡಿದು, ಹಿತ್ತಲಿಗೆ ಒಯ್ದು, ಅದರ ಮೇಲೆ ಕೋಳಿಯನ್ನು ಮಲಗಿಸಿ, ಮೇಲೊಂದು ರೊಟ್ಟಿ ಹೊದೆಸಿ, ಒದ್ದೆ ಕೈಯಿಂದ ಅಂಚು ಕೂಡಿಸಿದ್ದಳು. ಬಿರುಕು ಬಿಟ್ಟಲ್ಲೆಲ್ಲ ಹಿಟ್ಟು ಮೆತ್ತಿದ್ದಳು. ಅದನ್ನು ಅಗಲ ತಟ್ಟೆಯಂಥ ಪರಾತದಲ್ಲಿಟ್ಟು, ಹಳೆಯ ಸೀರೆ ಸುತ್ತಿ, ಅಪ್ಪ ಎದೆಗವಚಿಕೊಂಡು ಹಿತ್ತಲ ದಾರಿಯಿಂದ ಹೊರಟ. ಎರಡನೇ ಮನೆಯ ಮುದುಕಿ ಅದನ್ನು ಕಂಡು ಯಾರ ಮನೆಯಲ್ಲಿ ಹೆರಿಗೆಯಾಯಿತು ಎಂದು ಕೇಳಿದಳಂತೆ. ಅಗ್ನೆಲ್ ಸೀರೆ ಸರಿಸಿ ನೋಡಿ, “ಇದು ಏನು?” ಎಂದ. “ಕೋಳಿ,” ಎಂದ ಅಪ್ಪ. ಅಗ್ನೆಲ್ ಎದೆಯ ಮೇಲೆ ಶಿಲುಬೆ ಗುರುತು ಮಾಡಿಕೊಂಡು ಅದನ್ನು ಭಟ್ಟಿಗೆ ತಳ್ಳಿದ.

ಏಳಕ್ಕೆ ಸರಿಯಾಗಿ ಪರಾತ ವಾಪಸು ಬಂತು. ನೆಲದ ಮೇಲೆ ಚಾಪೆ ಹಾಸಿ, ನಡುವೆ ಇಟ್ಟೆವು. ಸೀರೆ ತೆಗೆದೆವು. ಸುಟ್ಟ ಗಡಿಗೆಯನ್ನು ಬೋರಲು ಹಾಕಿದ ಹಾಗಿತ್ತು. ಕಂದು ಬಣ್ಣ, ಅಲ್ಲಲ್ಲಿ ಬಿರುಕು, ಒಂದು ಕಡೆ ಅವ್ವನ ಐದೂ ಬೆರಳಿನ ಗುರುತು.

“ಇದು ರೋಸ್ಟಾ?” ಎಂದಳು ಲವೀನಾ.

“ನಮ್ಮ ಮನೆ ಥರದ್ದು,” ಎಂದೆ. ನನ್ನ ದನಿ ನನಗೇ ಕೇಳಲಿಲ್ಲ.

ಚಾಕು ಹಾಕಿದರೆ ಚಾಕು ಜಾರಿತು. ಅಪ್ಪ ಚಮಚದಿಂದ ತಟ್ಟಿ ನೋಡಿದ, ಠಣ್ ಎಂದಿತು. “ತಡೀರಿ,” ಎಂದವನೇ ಎದ್ದು ಹೋಗಿ ಗ್ಯಾರೇಜಿನ ಸುತ್ತಿಗೆ ತಂದ. ಅದನ್ನು ತೊಳೆದು ತಂದಿದ್ದ ಎಂಬುದನ್ನು ಅವನ ಪರವಾಗಿ ಹೇಳಲೇಬೇಕು. ಮೊದಲನೇ ಏಟಿಗೆ ಏನೂ ಆಗಲಿಲ್ಲ. ಎರಡನೇ ಏಟಿಗೆ ಒಂದು ದೊಡ್ಡ ಚೂರು ಹಾರಿ ಸ್ನೇಹಾಳ ತೊಡೆಯ ಮೇಲೆ ಬಿತ್ತು, ಅವಳು ಕಿಟಾರನೆ ಕಿರುಚಿದಳು, ಮತ್ತು ಆ ಬಿರುಕಿನಿಂದ ಉಗಿ ಎದ್ದಿತು.

ಆ ವಾಸನೆಯನ್ನು ಹೇಗೆ ಬರೆಯಲಿ? ಬೆಳ್ಳುಳ್ಳಿ, ಬೆಣ್ಣೆ, ಅದರ ಹಿಂದಿನಿಂದ ಅವ್ವ ಹೊಟ್ಟೆಯೊಳಗೆ ತುಂಬಿದ್ದ ಮಸಾಲಿ ಖಾರ, ಹುರಿದ ಶೇಂಗಾ, ಒಣಕೊಬ್ಬರಿ. ಆವಿ ಹೊರಗೆ ಹೋಗಲು ದಾರಿಯಿಲ್ಲದೆ ಕೋಳಿ ತನ್ನ ರಸದಲ್ಲೇ ಬೆಂದು ಮೆತ್ತಗಾಗಿತ್ತು. ಕಾಲು ಹಿಡಿದರೆ ಕಾಲೇ ಕೈಗೆ ಬಂತು. ಹಿಟ್ಟಿನ ಹೊರಮೈ ಕಲ್ಲು, ಒಳಮೈ ಮಾತ್ರ ಆ ರಸವನ್ನೆಲ್ಲ ಕುಡಿದು ಕೆಂಪಗೆ ಮೃದುವಾಗಿತ್ತು. ಸ್ನೇಹಾ ತೊಡೆಯ ಮೇಲೆ ಬಿದ್ದ ಚೂರನ್ನು ಹೆದರುತ್ತಾ ನೆಕ್ಕಿ ನೋಡಿ, ಆಮೇಲೆ ಯಾರಿಗೂ ಕೊಡದೆ ಕೆರೆದು ತಿಂದಳು. ಲವೀನಾಳಿಗೆ ಖಾರ ಹತ್ತಿ ಮೂಗು ಸೋರಿತು, ಕಣ್ಣು ಸೋರಿತು, ನೀರು ನೀರು ಎಂದಳು, ಅವ್ವ ಕೊಟ್ಟಳು, ಕುಡಿದು ಮತ್ತೆ ಕೈ ಹಾಕಿದಳು. ತೊಗಲಿನ ವಿಷಯ ಯಾರೂ ಎತ್ತಲಿಲ್ಲ. ಹಿಟ್ಟಿನ ಒಳಮೈಗೆ ಇಬ್ಬರೂ ಜಗಳಾಡಿದರು. ಅಪ್ಪ ಸುತ್ತಿಗೆ ಹಿಡಿದು ಕೇಳಿದವರಿಗೆಲ್ಲ ಒಡೆದು ಕೊಡುತ್ತಿದ್ದ.

ಕೊನೆಗೆ ಲವೀನಾ ಬೆರಳು ನೆಕ್ಕುತ್ತಾ ಕೇಳಿದಳು.

“ಇದನ್ನು ಯಾರು ಮಾಡಿದ್ದು?”

ಅವ್ವ ಅಡುಗೆಮನೆಯ ಬಾಗಿಲಲ್ಲಿ ನೀರಿನ ತಂಬಿಗೆ ಹಿಡಿದು ನಿಂತಿದ್ದಳು. ಹೇಳಿದ ಹಾಗೆ ನಕ್ಕಿದ್ದಳು, ನೀರು ಕೊಟ್ಟಿದ್ದಳು, ಒಂದು ಮಾತೂ ಆಡಿರಲಿಲ್ಲ. ಈಗ ಮಾತ್ರ ಅವಳು ನನ್ನನ್ನೇ ನೋಡಿದಳು. ನನಗೆ ಅವಳ ಮೊಣಕೈಯಲ್ಲಿ ಒಣಗಿ ಅಂಟಿದ್ದ ಹಿಟ್ಟು ಕಾಣಿಸಿತು. ‘ಅವ್ವ’ ಎಂದು ಹೇಳಿದರೆ ಹೇಗೆ ಮಾಡಿದರು ಎಂದು ಲವೀನಾ ಕೇಳುತ್ತಾಳೆ. ಹೇಗೆ ಎಂದು ಹೇಳಿದರೆ ಟಪ ಟಪ ಎಲ್ಲಿಂದ ಬಂತೆಂದು ಗೊತ್ತಾಗುತ್ತದೆ. ಇಷ್ಟೆಲ್ಲ ಲೆಕ್ಕ ಹಾಕಲು ನನಗೆ ಕಣ್ಣು ಮಿಟುಕಿಸುವಷ್ಟು ಹೊತ್ತೂ ಬೇಕಾಗಲಿಲ್ಲ.

“ಅಗ್ನೆಲ್,” ಎಂದೆ. “ಪಾವಿನ ಅಗ್ನೆಲ್. ಹೇಳಿದರೆ ಮಾಡಿ ಕೊಡುತ್ತಾನೆ.”

ಅಪ್ಪನ ಬಾಯಿ ತೆರೆಯಿತು. ಅವ್ವ ಕೆಮ್ಮಿದಳು. ಬಾಯಿ ಮುಚ್ಚಿತು. ಅವ್ವ ತಂಬಿಗೆಯನ್ನು ನೆಲದ ಮೇಲಿಟ್ಟು ಒಳಗೆ ಹೋದಳು.

ನಮ್ಮದು ಜಗಳಕ್ಕೆ ಹೆಸರಾದ ಮನೆ. ಉಪ್ಪು ಹೆಚ್ಚಾದರೆ ಜಗಳ, ಊರಿನಿಂದ ಫೋನು ಬಂದರೆ ಜಗಳ, ಬಾರದಿದ್ದರೂ ಜಗಳ. ಅಂದು ಗೆಳತಿಯರು ಹೋದ ಮೇಲೆ ನಾನು ಬೈಗುಳಕ್ಕೆ ಬೆನ್ನು ಒಡ್ಡಿ ಕೂತೆ. ಅವ್ವ ಪರಾತ ತಿಕ್ಕುತ್ತಾ ಒಂದೇ ಮಾತು ಕೇಳಿದಳು.

“ಹೊಟ್ಟಿ ತುಂಬಿತಾ ಅವಕ್ಕ?”

“ಹೂಂ.”

“ಆತು.”

ಅಷ್ಟೇ. ಮರುದಿನ ಬೆಳಿಗ್ಗೆ ನನಗೆ ಎಚ್ಚರವಾದಾಗ ಹೊರಗೆ ಬಿಸಿಲು ಬಂದಿತ್ತು. ರೊಟ್ಟಿಯ ಸದ್ದು ಕೇಳಿರಲಿಲ್ಲ. ಅವ್ವ ಕಲ್ಲಿನ ಕೆಳಗೆ ಗೋಣಿಚೀಲ ಹಾಸಿಕೊಂಡು ಮೆಲ್ಲಗೆ ಬಡಿದು ಮುಗಿಸಿದ್ದಳು. ಮಂಗಳವಾರವೂ ಹಾಗೆಯೇ. ಮೂರನೇ ಮನೆಯವ ಎರಡು ದಿನ ಕೆಲಸಕ್ಕೆ ತಡವಾಗಿ ಹೋದ. ನನಗೆ ಅಳು ಬರುತ್ತಿತ್ತು. ಕ್ಷಮಿಸು ಅನ್ನುವ ಮಾತು ನಮ್ಮ ಮನೆಯಲ್ಲಿ ಯಾರಿಗೂ ರೂಢಿಯಿರಲಿಲ್ಲ, ಆದ್ದರಿಂದ ನಾನು ಯಾರೂ ಹೇಳದೆಯೇ ಎಲ್ಲ ಪಾತ್ರೆ ತೊಳೆದೆ.

ಬುಧವಾರ ಸಂಜೆ ಹಾರ್ನ್ ಒತ್ತುತ್ತಾ ಬಂದ ಅಗ್ನೆಲ್ ಪಾವ್ ಕೊಟ್ಟು ಮುಂದೆ ಹೋಗಲಿಲ್ಲ. ಸೈಕಲ್ ನಿಲ್ಲಿಸಿ, ಟೋಪಿ ತೆಗೆದು ಕೈಯಲ್ಲಿ ತಿರುಗಿಸುತ್ತಾ ಅವ್ವನ ಮುಂದೆ ನಿಂತ. ನಾವು ಅಕ್ಕ ಎನ್ನುವ ಹಾಗೆ ಅವನು ಅವಳನ್ನು ಬಾಯ್ ಎನ್ನುತ್ತಿದ್ದ.

“ಬಾಯ್, ಆ ಕೋಳಿಯೊಳಗೆ ಏನು ಹಾಕಿದ್ದೆ ನೀನು?”

“ಯಾಕ?”

“ನಿನ್ನ ಮಗಳು ಗೆಳತಿಯರಿಗೆ ನಾನೇ ಮಾಡಿದ್ದು ಅಂತ ಹೇಳಿದ್ದಾಳೆ. ಆ ಲವೀನಾಳ ತಾಯಿ ಬಂದು ಈ ಭಾನುವಾರಕ್ಕೆ ಎರಡು ಬೇಕು ಅಂದರು. ಅವರ ಮನೆಗೆ ನೆಂಟರು ಬರುತ್ತಾರಂತೆ.”

“ನೀವೇನಂದ್ರಿ?”

ಅಗ್ನೆಲ್ ಟೋಪಿಯನ್ನು ಇನ್ನೊಂದು ಸುತ್ತು ತಿರುಗಿಸಿದ. “ಅಷ್ಟು ಹೊಗಳಿದರು ಬಾಯ್. ಮೂವತ್ತು ವರ್ಷದಿಂದ ಪಾವ್ ಮಾಡುತ್ತೇನೆ, ಯಾರೂ ಒಂದು ದಿನ ಹೊಗಳಿಲ್ಲ. ಹೂಂ ಅಂದುಬಿಟ್ಟೆ.”

ನಿನ್ನೆ ತಾನೇ ಒಂದು ಮಾಡಿ ನೋಡಿದ್ದನಂತೆ, ತನ್ನ ಪಾವಿನ ಹಿಟ್ಟಿನಲ್ಲಿ ಸುತ್ತಿ. ಅದು ಭಟ್ಟಿಯೊಳಗೆ ಉಬ್ಬಿ ಉಬ್ಬಿ ಬಾಗಿಲಿಗೆ ಸಿಕ್ಕಿಕೊಂಡಿತು. ಒಡೆದು ನೋಡಿದರೆ ಕೋಳಿ ಒಳಗೆ ದಿಂಬಿನ ಮೇಲೆ ಮಲಗಿದ ಹಾಗೆ ಹಸಿಹಸಿಯಾಗಿ ಮಲಗಿತ್ತು. ಅವ್ವ ಅವನನ್ನು ನೋಡಿದಳು, ನನ್ನನ್ನು ನೋಡಿದಳು. ಆ ಭಾನುವಾರದ ಬಗ್ಗೆ ಮೊದಲ ಸಲ ಅವಳು ಬಾಯಿ ಬಿಚ್ಚಿದಳು.

“ಚಲೋ ಜೋಡಿ ಆಗೀರಿ. ಇಬ್ಬರೂ ಕೂಡಿ ನನ್ನ ಕೋಳಿ ಕದ್ದೀರಿ.”

ಅಗ್ನೆಲ್‌ಗೆ ಪೂರ್ತಿ ತಿಳಿಯಲಿಲ್ಲ, ಆದರೂ ತಲೆ ತಗ್ಗಿಸಿದ. ನಾನಂತೂ ಮೊದಲೇ ತಗ್ಗಿಸಿದ್ದೆ.

“ಮಾಡಿ ಕೊಡ್ತೇನಿ,” ಎಂದಳು ಅವ್ವ, ಅರ್ಧ ಕೊಂಕಣಿ ಅರ್ಧ ಗದಗು ಸೇರಿಸಿ. “ಕೋಳಿ ತೊಗಲ ತಗಿಸಿ ತರ್ರಿ. ಹೊಟ್ಟಿಯೊಳಗಿಂದು ನಾ ತುಂಬ್ತೇನಿ. ಆದ್ರ ಬಡಿಯೂದು ನಾ ಅಲ್ಲ. ಈಕಿ.”

“ನನಗ ಬರೂದಿಲ್ಲ ಬೇ!”

“ಸುಳ್ಳ ಹೇಳಾಕ ಯಾರ ಕಲಿಸಿದ್ರು? ಬಂತಲ್ಲ? ಇದೂ ಬರತೈತಿ.”

ಭಾನುವಾರ ಬೆಳಿಗ್ಗೆ ಅಗ್ನೆಲ್ ತೊಗಲು ಸುಲಿದ ಎರಡು ಕೋಳಿಗಳೊಂದಿಗೆ ಹಾಜರಾದ. ಅವ್ವ ರೊಟ್ಟಿಯ ಕಲ್ಲನ್ನು ಒಳಗೆ ಇಡಲಿಲ್ಲ. ಮುಂಬಾಗಿಲ ಕಟ್ಟೆಯ ಮೇಲೆ, ರಸ್ತೆಗೆ ಎದುರಾಗಿ, ಗೋಣಿಚೀಲ ಹಾಸದೆ ಇಟ್ಟಳು. ನನ್ನನ್ನು ಅದರ ಮುಂದೆ ಕೂರಿಸಿದಳು. ಚರ್ಚು ಬಿಟ್ಟ ಜನ ಅದೇ ರಸ್ತೆಯಲ್ಲಿ ಹಾದು ಹೋಗುತ್ತಾರೆ ಎಂಬುದು ಅವಳಿಗೆ ಗೊತ್ತಿತ್ತು. ಅವಳು ನಾದಿದ ಹಿಟ್ಟನ್ನು ನಾನು ಬಡಿಯತೊಡಗಿದೆ. ಮೊದಲನೆಯದು ನಡುವೆ ಒಡೆಯಿತು. ಎರಡನೆಯದು ಕಲ್ಲಿಗೆ ಅಂಟಿತು. ಮೂರನೆಯದಕ್ಕೆ ಯಾವ ಆಕಾರವೂ ಬರಲಿಲ್ಲ. ಅವ್ವ ಬೈಯಲಿಲ್ಲ, ಪ್ರತಿಸಲ ಮುದ್ದೆ ಮಾಡಿ ಮತ್ತೆ ಮುಂದಿಟ್ಟಳು. ಹಿಟ್ಟಿನ ಬಿಸಿಗೆ ಅಂಗೈ ಕೆಂಪಾಗಿತ್ತು. ಇಷ್ಟು ಬಿಸಿಯನ್ನು ಅವಳು ದಿನಾ ಬರಿಗೈಯಲ್ಲಿ ಬಡಿಯುತ್ತಾಳೆ ಎಂದು ನನಗೆ ಅಂದೇ ಗೊತ್ತಾಗಿದ್ದು. ಹದಿಮೂರು ವರ್ಷ ಅದನ್ನು ತಿಂದಿದ್ದೆ.

ನಾಲ್ಕನೆಯದು ಸ್ವಲ್ಪ ದುಂಡಗೆ ಬರುತ್ತಿತ್ತು. ಟಪ ಟಪ ಟಪ. ಎದುರಿಗೆ ಸೈಕಲ್ಲಿನ ಬ್ರೇಕು ಕಿರ್ರೆಂದಿತು. ನೋಡಿದರೆ ಲವೀನಾ, ಚರ್ಚಿನ ಬಿಳಿ ಫ್ರಾಕಿನಲ್ಲಿ.

“ಮಂಜು, ನಿನ್ನನ್ನು ಊಟಕ್ಕೆ ಕರೆಯಲು ಬಂದೆ, ಇವತ್ತು ನಮ್ಮ ಮನೆಯಲ್ಲಿ ಅಗ್ನೆಲ್ ಅಂಕಲ್...”

ಅವಳು ನನ್ನ ಕೈ ನೋಡಿದಳು, ಮೊಣಕೈ ತನಕ ಹಿಟ್ಟು. ಕಲ್ಲು ನೋಡಿದಳು. ಪರಾತದಲ್ಲಿದ್ದ ಎರಡು ಬೆತ್ತಲೆ ಕೋಳಿಗಳನ್ನು ನೋಡಿದಳು. ಅಗ್ನೆಲ್ ಥಟ್ಟನೆ ಬಗ್ಗಿ ತನ್ನ ಸೈಕಲ್ಲಿನ ಗಾಳಿ ಪರೀಕ್ಷಿಸತೊಡಗಿದ.

“ಆವತ್ತಿನ ಸದ್ದು,” ಎಂದಳು ಲವೀನಾ ನಿಧಾನವಾಗಿ. “ಪಕ್ಕದ ಮನೆ ಅಂದೆಯಲ್ಲ?”

ಅವ್ವ ತಲೆ ಎತ್ತಲಿಲ್ಲ. ಕೋಳಿಯ ಹೊಟ್ಟೆಗೆ ಖಾರ ತುಂಬುತ್ತಲೇ ಇದ್ದಳು. ಆದರೆ ಅವಳ ಕೈ ಬಹಳ ನಿಧಾನವಾಗಿತ್ತು.

“ಆ ಪಕ್ಕದಲ್ಲಿ ಮನೆಯೇ ಇಲ್ಲ,” ಎಂದೆ. “ನೋಡು, ಅಲ್ಲಿ ಬರೀ ಗಿಡಗಂಟಿ. ಬಡಿಯುವವರು ನಾವೇ. ನಾವೇ ಘಾಟಿಗಳು.”

ಲವೀನಾಳ ಮುಖ ಕೆಂಪಾಯಿತು. ಅವಳಿಗೂ ತನ್ನ ಮಾತು ನೆನಪಾಗಿರಬೇಕು. ಆದರೂ ಚಟ ಬಿಡಬೇಕಲ್ಲ.

“ಹಾಗಾದರೆ ಆ ಕೋಳಿ ಮಾಡಿದ್ದು ಯಾರು?”

“ಅವ್ವ,” ಎಂದೆ. ಮಮ್ಮಿ ಎನ್ನಲಿಲ್ಲ. “ನಮ್ಮವ್ವ ಮಾಡಿದ್ದು. ಇದು ಅವ್ವನ ರೊಟ್ಟಿ.”

“ಮತ್ತೆ ಅಗ್ನೆಲ್ ಅಂಕಲ್ ಏನು ಮಾಡುತ್ತಾರೆ?”

“ನಾನು ಬಿಸಿ ಮಾಡುತ್ತೇನೆ,” ಎಂದ ಅಗ್ನೆಲ್, ಟಯರಿನಿಂದ ತಲೆ ಎತ್ತದೆ.

ಲವೀನಾ ಕಿಸಕ್ಕನೆ ನಕ್ಕಳು. ನನಗೆ ನಗಲು ಆಗಲಿಲ್ಲ. ಕಣ್ಣು ತುಂಬಿತ್ತು, ಒರೆಸಿಕೊಳ್ಳೋಣವೆಂದರೆ ಎರಡೂ ಕೈ ಹಿಟ್ಟು. ನಾನು ಅವ್ವನ ಕಡೆ ನೋಡಿದೆ. ಅವಳು ಸೆರಗಿನ ತುದಿಯಿಂದ ನನ್ನ ಕಣ್ಣನ್ನೂ ಮೂಗನ್ನೂ ಒಂದೇ ಸಲಕ್ಕೆ, ನೋವಾಗುವ ಹಾಗೆ ಒರೆಸಿದಳು.

“ಕೈ ಯಾಕ ನಿಲ್ಲಿಸಿದಿ?” ಎಂದಳು. “ಬಡಿ. ಹಿಟ್ಟ ಆರಾಕತ್ತೈತಿ.”

ನಾನು ಬಡಿದೆ. ಚರ್ಚಿನ ತನಕ ಕೇಳುವ ಹಾಗೆ ಬಡಿದೆ.